ಗ್ರಂಥಪಾಲಕರ ಕೆಲಸಕ್ಕೆ ಬೆಲೆ ತಂದುಕೊಟ್ಟ ರಂಗನಾಥನ್

ಪ್ರತಿ ವರ್ಷ ಆಗಸ್ಟ್ 12ರಂದು ನಮ್ಮ ದೇಶದಲ್ಲಿ ಗ್ರಂಥಪಾಲಕರ ದಿನ ಆಚರಿಸುತ್ತಾರೆ. ಶಿಕ್ಷಕರ ದಿನ, ಮಕ್ಕಳ ದಿನ ಎಲ್ಲರಿಗೂ ಗೊತ್ತು. ಈ ದಿನ ಬಂದು ಹೋದದ್ದು ಮಾತ್ರ ಹೆಚ್ಚಿನವರಿಗೆ ತಿಳಿಯುವುದೇ ಇಲ್ಲ. ಇದು ಎಸ್. ಆರ್. ರಂಗನಾಥನ್ ಅವರ ಜನ್ಮದಿನದ ನೆನಪಿಗಾಗಿ ಇರುವ ದಿನ. ಪುಸ್ತಕಗಳಲ್ಲಿ ಅವರ ಹುಟ್ಟಿದ ದಿನ 9 ಎಂದೂ ಇದೆ, 12 ಎಂದೂ ಇದೆ. ಆಚರಣೆ ಮಾತ್ರ 12ಕ್ಕೆ.

ಸ್ನೇಹಿತರೇ, ನಮ್ಮ ಕಾಮರ್ಸ್ ತರಗತಿಯಲ್ಲಿ ಮುಂದೇನು ಎಂದು ಕೇಳಿದರೆ ಬ್ಯಾಂಕು, ಸಿಎ, ಅಂಗಡಿ, ಇಲ್ಲವೇ ಬಿ.ಕಾಂ. ಆದ ಮೇಲೆ ನೋಡೋಣ ಎಂಬ ಉತ್ತರ ಬರುತ್ತದೆ. ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಆಶ್ಚರ್ಯವೆಂದರೆ ರಂಗನಾಥನ್ ಅವರಿಗೂ ಆ ಕೆಲಸ ಬೇಕಾಗಿರಲಿಲ್ಲ.

ಅವರು 1892ರಲ್ಲಿ ತಮಿಳುನಾಡಿನ ತಂಜಾವೂರು ಸೀಮೆಯ ಶಿಯಾಳಿಯಲ್ಲಿ, ಅಂದರೆ ಇಂದಿನ ಸೀರ್ಕಾಳಿಯಲ್ಲಿ ಹುಟ್ಟಿದರು. ಅವರಿಗೆ ಆರು ವರ್ಷವಾದಾಗ ತಂದೆ ತೀರಿಕೊಂಡರು. ಮಾತನಾಡುವಾಗ ತೊದಲುತ್ತಿದ್ದರು. ಆದರೂ ಮೇಷ್ಟ್ರಾಗಬೇಕೆಂದೇ ಅವರ ಆಸೆ. ಮದರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತದಲ್ಲಿ ಎಂ.ಎ. ಮಾಡಿ, ಶಿಕ್ಷಕರ ತರಬೇತಿಯನ್ನೂ ಮುಗಿಸಿ, 1917ರಲ್ಲಿ ಮೊದಲ ಕೆಲಸಕ್ಕೆ ಬಂದದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿಗೆ. ಅಲ್ಲಿಂದ ಕೊಯಮತ್ತೂರು, ಅಲ್ಲಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. ತೊದಲನ್ನು ಅಭ್ಯಾಸದಿಂದ ಹತೋಟಿಗೆ ತಂದುಕೊಂಡು ಒಳ್ಳೆಯ ಮೇಷ್ಟ್ರು ಎನ್ನಿಸಿಕೊಂಡಿದ್ದರು. ಆದರೆ ಆಗಿನ ಕಾಲದಲ್ಲೂ ಮೇಷ್ಟ್ರ ಸಂಬಳ ಸಾಕಾಗುವಂಥದ್ದಲ್ಲ.

1923ರಲ್ಲಿ ಮದರಾಸು ವಿಶ್ವವಿದ್ಯಾಲಯ ಗ್ರಂಥಪಾಲಕರ ಹುದ್ದೆಗೆ ಅರ್ಜಿ ಕರೆಯಿತು. ಸುಮಾರು 900 ಅರ್ಜಿಗಳು ಬಂದವಂತೆ. ಅದರಲ್ಲಿ ಒಬ್ಬರೂ ಗ್ರಂಥಾಲಯದ ವಿಷಯ ಓದಿದವರಲ್ಲ, ಏಕೆಂದರೆ ಓದಲು ಕೋರ್ಸುಗಳೇ ಅಷ್ಟಾಗಿ ಇರಲಿಲ್ಲ. ಸಂಬಳ ಚೆನ್ನಾಗಿದೆ ಎಂದು ಸ್ನೇಹಿತರು ಒತ್ತಾಯಿಸಿದ್ದಕ್ಕೆ ರಂಗನಾಥನ್ ಅರ್ಜಿ ಹಾಕಿದರು. ಸಂದರ್ಶನಕ್ಕೆ ಕೆಲವೇ ದಿನ ಮುಂಚೆ ಒಂದು ವಿಶ್ವಕೋಶದಲ್ಲಿ ಗ್ರಂಥಾಲಯದ ಬಗ್ಗೆ ಇದ್ದ ಲೇಖನ ಓದಿಕೊಂಡು ಹೋದರು. ಅಷ್ಟೇ ಅವರ ತಯಾರಿ. ಗಣಿತದಲ್ಲಿ ಬರೆದಿದ್ದ ಸಂಶೋಧನಾ ಲೇಖನಗಳನ್ನು ನೋಡಿ ಸಮಿತಿಯವರು ಅವರನ್ನೇ ಆರಿಸಿದರು. ಪರೀಕ್ಷೆಯ ಹಿಂದಿನ ರಾತ್ರಿ ಓದುವ ನಮ್ಮಂಥವರಿಗೆ ಇದು ಸಮಾಧಾನದ ವಿಷಯ!

1924ರ ಜನವರಿಯಲ್ಲಿ ಕೆಲಸಕ್ಕೆ ಸೇರಿದರು. ಒಂದು ವಾರದಲ್ಲೇ ಬೇಸರ ಬಂದುಬಿಟ್ಟಿತು. ತರಗತಿಯ ಗಲಾಟೆಯಲ್ಲಿ ಇದ್ದವರಿಗೆ ಯಾರೂ ಬಾರದ ಆ ಕೋಣೆಯಲ್ಲಿ ಕುಳಿತಿರುವುದು ಶಿಕ್ಷೆಯಂತೆ ಆಯಿತು. ಮತ್ತೆ ಪಾಠಕ್ಕೇ ಕಳಿಸಿ ಎಂದು ಮೇಲಿನವರನ್ನು ಬೇಡಿಕೊಂಡರು. ಅವರು ಒಂದು ಒಪ್ಪಂದ ಮಾಡಿದರು. ಹೇಗೂ ಲಂಡನ್ನಿಗೆ ಹೋಗಿ ಗ್ರಂಥಾಲಯದ ವಿದ್ಯೆ ಕಲಿಯಬೇಕಿದೆ, ಹೋಗಿ ಬನ್ನಿ, ಬಂದ ಮೇಲೂ ಬೇಸರವಾದರೆ ಮೇಷ್ಟ್ರ ಕೆಲಸ ಕೊಡುತ್ತೇವೆ ಎಂದು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರಿಗೆ ಪಾಠ ಹೇಳಿದವರು ಬರ್ವಿಕ್ ಸೇಯರ್ಸ್. ಸೇಯರ್ಸ್ ಅವರು ಕ್ರಾಯ್ಡನ್ ಎಂಬ ಊರಿನ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರೂ ಆಗಿದ್ದರು. ರಂಗನಾಥನ್ ತರಗತಿಯಲ್ಲಿ ಕುಳಿತದ್ದಕ್ಕಿಂತ ತಿರುಗಾಡಿದ್ದು ಜಾಸ್ತಿ. ಇಂಗ್ಲೆಂಡಿನಲ್ಲಿ ನೂರಕ್ಕೂ ಹೆಚ್ಚು ಗ್ರಂಥಾಲಯ ನೋಡಿದರು. ಅಲ್ಲಿ ಕೂಲಿಯವರು, ಹೆಂಗಸರು, ಮಕ್ಕಳು ಎಲ್ಲರೂ ಬಂದು ಪುಸ್ತಕ ತೆಗೆದುಕೊಂಡು ಹೋಗುತ್ತಿದ್ದರು. ಮದರಾಸಿನಲ್ಲಿ ಪುಸ್ತಕಗಳು ಬೀರುವಿನೊಳಗೆ ಭದ್ರವಾಗಿದ್ದವು, ಇಲ್ಲಿ ಜನರ ಕೈಯಲ್ಲಿದ್ದವು. ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರುತ್ತದೆ ಎಂದು ನೋಡಿದರೆ, 1850ರಲ್ಲೇ ಅಲ್ಲಿ ಗ್ರಂಥಾಲಯ ಕಾಯಿದೆ ಆಗಿತ್ತು. ಊರಿನ ತೆರಿಗೆಯ ಜೊತೆ ಒಂದೊಂದು ಚಿಲ್ಲರೆ ಕಾಸು ಗ್ರಂಥಾಲಯಕ್ಕೆ ಸೇರುತ್ತಿತ್ತು. ಈ ಎರಡು ವಿಷಯ, ಜನರ ಕೈಗೆ ಪುಸ್ತಕ ಮತ್ತು ಕಾಯಿದೆಯಿಂದ ಬರುವ ಕಾಸು, ಅವರ ತಲೆಯಿಂದ ಕೊನೆಯವರೆಗೂ ಹೋಗಲಿಲ್ಲ.

ಲಂಡನ್ನಿನ ಸೆಲ್ಫ್ರಿಜಸ್ ಎಂಬ ದೊಡ್ಡ ಅಂಗಡಿಯಲ್ಲಿ ಅವರು ಒಂದು ಆಟಿಕೆ ನೋಡಿದರು. ಮೆಕ್ಯಾನೋ ಎಂದು ಅದರ ಹೆಸರು. ತೂತಿರುವ ಲೋಹದ ಪಟ್ಟಿಗಳು, ಚಕ್ರ, ನಟ್ಟು, ಬೋಲ್ಟು. ಅವೇ ತುಂಡುಗಳನ್ನು ಜೋಡಿಸಿದರೆ ಒಮ್ಮೆ ಸೇತುವೆ, ಒಮ್ಮೆ ಕ್ರೇನು. ಪುಸ್ತಕದ ವಿಷಯವನ್ನೂ ಹೀಗೇ ತುಂಡುಗಳಿಂದ ಜೋಡಿಸಬಹುದಲ್ಲ ಎಂದು ಅವರಿಗೆ ಹೊಳೆಯಿತು. ಅದುವರೆಗೆ ಬಳಕೆಯಲ್ಲಿದ್ದ ಡ್ಯೂಯಿ ಪದ್ಧತಿಯಲ್ಲಿ ಎಲ್ಲ ವಿಷಯಕ್ಕೂ ಮೊದಲೇ ಗೂಡು ಮಾಡಿಟ್ಟಿರುತ್ತಾರೆ, ಪುಸ್ತಕ ಯಾವುದೋ ಒಂದು ಗೂಡಿಗೆ ಹೋಗಬೇಕು. ಪಾವಗಡದಲ್ಲಿ ಇಂಥ ವರ್ಷ ಕಡಲೆಕಾಯಿ ಬೆಳೆಗೆ ಬಂದ ರೋಗದ ಬಗ್ಗೆ ಒಂದು ಪುಸ್ತಕ ಇದೆ ಎಂದುಕೊಳ್ಳಿ. ರಂಗನಾಥನ್ ಪದ್ಧತಿಯಲ್ಲಿ ಬೆಳೆಗೆ ಒಂದು ಗುರುತು, ರೋಗಕ್ಕೆ ಒಂದು, ಊರಿಗೆ ಒಂದು, ವರ್ಷಕ್ಕೆ ಒಂದು. ನಾಲ್ಕನ್ನೂ ಜೋಡಿಸಿದರೆ ಆ ಪುಸ್ತಕದ ನಂಬರು ಸಿದ್ಧ. ಜೋಡಿಸಲು ಕೋಲನ್ ಚಿಹ್ನೆ ಬಳಸಿದ್ದರಿಂದ ಇದಕ್ಕೆ ಕೋಲನ್ ವರ್ಗೀಕರಣ ಎಂದು ಹೆಸರಾಯಿತು. ಇದು 1933ರಲ್ಲಿ ಪುಸ್ತಕವಾಗಿ ಬಂತು. ಈಗಲೂ ಪ್ರಪಂಚದಲ್ಲಿ ಡ್ಯೂಯಿ ಪದ್ಧತಿಯನ್ನೇ ಹೆಚ್ಚು ಬಳಸುತ್ತಾರೆ ಎಂಬುದು ನಿಜ. ಆದರೆ ಮೊಬೈಲಿನಲ್ಲಿ ಬಟ್ಟೆ ಕೊಳ್ಳುವಾಗ ಬಣ್ಣ, ಅಳತೆ, ಬೆಲೆ ಎಂದು ಬೇರೆ ಬೇರೆಯಾಗಿ ಒತ್ತಿ ಹುಡುಕುತ್ತೇವಲ್ಲ, ಆ ರೀತಿಯ ಹುಡುಕಾಟಕ್ಕೂ ರಂಗನಾಥನ್ ಅವರ ಈ ವಿಚಾರಕ್ಕೂ ನಂಟಿದೆ.

1925ರಲ್ಲಿ ಹಡಗಿನಲ್ಲಿ ವಾಪಸು ಬರುವಾಗ ಹಡಗಿನ ಗ್ರಂಥಾಲಯದ ಪುಸ್ತಕಗಳ ಮೇಲೇ ಹೊಸ ಪದ್ಧತಿಯನ್ನು ಪ್ರಯೋಗ ಮಾಡಿ ನೋಡಿದರು. ಮೇಷ್ಟ್ರ ಕೆಲಸ ಮತ್ತೆ ಕೇಳಲೇ ಇಲ್ಲ. ಮದರಾಸಿನಲ್ಲಿ ಇಪ್ಪತ್ತು ವರ್ಷ ಇದ್ದರು. ದಿನಕ್ಕೆ ಹದಿಮೂರು ಗಂಟೆ, ವಾರಕ್ಕೆ ಏಳು ದಿನ ಕೆಲಸ. ಮದುವೆಯಾದ ದಿನ ಮಧ್ಯಾಹ್ನವೇ ಗ್ರಂಥಾಲಯಕ್ಕೆ ಬಂದು ಕುಳಿತರು ಎಂದೂ ಹೇಳುತ್ತಾರೆ. ಈ ಮಾತನ್ನು ಮನೆಯಲ್ಲಿ ಹೇಳಿದಾಗ ನಮ್ಮ ಅಮ್ಮಿ ಆ ಹೆಂಡತಿಯ ಬಗ್ಗೆ ಮರುಕಪಟ್ಟರೇ ಹೊರತು ಅವರ ಶ್ರದ್ಧೆಯನ್ನು ಹೊಗಳಲಿಲ್ಲ.

ಬೀರುವಿನ ಪುಸ್ತಕಗಳನ್ನು ತೆರೆದ ಕಪಾಟಿಗೆ ತಂದು, ಓದುಗರೇ ಹೋಗಿ ತೆಗೆದುಕೊಳ್ಳುವಂತೆ ಮಾಡಿದರು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಕಟ್ಟಿದರು. 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳ ಪುಸ್ತಕ ಬರೆದರು. ಪುಸ್ತಕ ಇರುವುದು ಬಳಸಲಿಕ್ಕೆ, ಓದುವವರಿಗೆ ಅವರಿಗೆ ಬೇಕಾದ ಪುಸ್ತಕ ಸಿಗಬೇಕು, ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗರ ಸಮಯ ಉಳಿಯಬೇಕು, ಗ್ರಂಥಾಲಯ ಬೆಳೆಯುತ್ತಲೇ ಇರುವಂಥದ್ದು. ಐದರ ತಿರುಳು ಇಷ್ಟೇ. ಕೇಳಲು ಸುಲಭ. ಆದರೆ ಎರಡನೆಯದನ್ನು ನಮ್ಮ ಊರಿಗೆ ಹಚ್ಚಿ ನೋಡಿ. ನಮ್ಮ ಅಬ್ಬಾ ಉರ್ದು ಮಾತ್ರ ಸರಾಗವಾಗಿ ಓದುತ್ತಾರೆ. ಪಾವಗಡದ ಗಡಿ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಇವರಿಗೆಲ್ಲ ಅವರವರ ಪುಸ್ತಕ ಸಿಗಬೇಕು ಎಂದರೆ ಕಪಾಟು ತುಂಬಿಸುವವರಿಗೆ ಊರಿನ ಜನರ ಪರಿಚಯ ಇರಬೇಕು. ಬೀಗ ತೆಗೆದು ಪೇಪರು ಹರಡುವುದರಿಂದ ಅದು ಆಗುವುದಿಲ್ಲ. ಅದೇ ವರ್ಷ ಮನ್ನಾರ್‌ಗುಡಿ ಕಡೆ ಎತ್ತಿನ ಗಾಡಿಯಲ್ಲಿ ಪುಸ್ತಕ ತುಂಬಿಕೊಂಡು ಹಳ್ಳಿ ಹಳ್ಳಿಗೆ ಹೋಗುವ ಗ್ರಂಥಾಲಯವೂ ಶುರುವಾಯಿತು. ಕನಕಸಭೈ ಪಿಳ್ಳೆ ಎಂಬುವವರು ಇದನ್ನು ಮಾಡಿದರು.

ಇಷ್ಟು ಕೆಲಸಕ್ಕೆ ಕಲಿತ ಜನ ಬೇಕು ಎಂದು 1929ರಲ್ಲೇ ಸಂಘದ ಮೂಲಕ ತರಬೇತಿ ಆರಂಭಿಸಿದರು. ನಂತರ ಅದನ್ನು ವಿಶ್ವವಿದ್ಯಾಲಯವೇ ವಹಿಸಿಕೊಂಡು, 1937ರಲ್ಲಿ ಒಂದು ವರ್ಷದ ಡಿಪ್ಲೊಮಾ ಆಯಿತು. 1945ರಲ್ಲಿ ಬನಾರಸ್ಸಿಗೆ ಹೋದರು, ಅಲ್ಲಿ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ತಾವೇ ವರ್ಗೀಕರಿಸಿದರು. ಆಮೇಲೆ ದೆಹಲಿ, ಸ್ವಲ್ಪ ಕಾಲ ಸ್ವಿಟ್ಜರ್ಲೆಂಡಿನ ಜೂರಿಕ್, ಉಜ್ಜಯಿನಿ. 1957ರಲ್ಲಿ ಪದ್ಮಶ್ರೀ ಬಂತು.

ಅವರು ಮಾಡಿದ್ದರಲ್ಲಿ ನನಗೆ ಬಹಳ ಮುಖ್ಯ ಎನಿಸುವುದು ಸಂಬಳದ ವಿಷಯ. ಯುಜಿಸಿಯವರು ಗ್ರಂಥಾಲಯಗಳ ಬಗ್ಗೆ ಒಂದು ಸಮಿತಿ ಮಾಡಿ ರಂಗನಾಥನ್ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದರು. ಕಾಲೇಜು, ವಿಶ್ವವಿದ್ಯಾಲಯದ ಗ್ರಂಥಪಾಲಕರಿಗೆ ಪಾಠ ಮಾಡುವವರ ಸಮನಾದ ಸಂಬಳ, ಸ್ಥಾನ ಕೊಡಬೇಕೆಂದು ಆ ಸಮಿತಿ ಶಿಫಾರಸು ಮಾಡಿತು. ಇಂದು ಯುಜಿಸಿ ನಿಯಮದಂತೆ ಡಿಗ್ರಿ ಕಾಲೇಜಿನ ಗ್ರಂಥಪಾಲಕರ ಆರಂಭದ ವೇತನ ಶ್ರೇಣಿ ಸಹಾಯಕ ಪ್ರಾಧ್ಯಾಪಕರ ಶ್ರೇಣಿಯೇ. ಅದಕ್ಕೆ ಗ್ರಂಥಾಲಯ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ, ಜೊತೆಗೆ ನೆಟ್ ಅಥವಾ ಸ್ಲೆಟ್ ಬೇಕು. ಸಂಬಳ ನೋಡಿ ಬಂದು ಬೇಸರಪಟ್ಟ ಮನುಷ್ಯನೇ ಎಲ್ಲರ ಸಂಬಳಕ್ಕೂ ಹೋರಾಡಿದ. ತಮ್ಮ ಸ್ವಂತ ಉಳಿತಾಯವನ್ನಂತೂ ಅವರು ಇಟ್ಟುಕೊಳ್ಳಲಿಲ್ಲ. ಒಂದು ಲಕ್ಷ ರೂಪಾಯಿಯನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಕೊಟ್ಟು, ಹೆಂಡತಿ ಶಾರದಾ ಅವರ ಹೆಸರಿನಲ್ಲಿ ಗ್ರಂಥಾಲಯ ವಿಜ್ಞಾನದ ಪೀಠ ಮಾಡಿಸಿದರು. 1950ರ ದಶಕದ ಒಂದು ಲಕ್ಷ ಅದು.

ಕೊನೆಯ ವರ್ಷಗಳಲ್ಲಿ ಅವರು ಬೆಂಗಳೂರಿನವರೇ ಆದರು. 1962ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಅಡಿಯಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ತೆರೆದರು. 1930ರಿಂದಲೇ ಅವರು ಒಂದೊಂದು ರಾಜ್ಯಕ್ಕೂ ಗ್ರಂಥಾಲಯ ಕಾಯಿದೆಯ ಕರಡು ಬರೆದು ಕೊಡುತ್ತಾ ಬಂದಿದ್ದರು. ಮದರಾಸಿನಲ್ಲಿ 1948ರಲ್ಲಿ ಕಾಯಿದೆ ಆಯಿತು. ನಮ್ಮ ಮೈಸೂರು ರಾಜ್ಯದಲ್ಲಿ 1965ರಲ್ಲಿ ಆಗಿ, 1966ರ ನವೆಂಬರ್ 1ರಿಂದ ಜಾರಿಗೆ ಬಂತು. ಗ್ರಂಥಾಲಯದ ನೌಕರರಿಗೆಂದೇ ರಾಜ್ಯ ಗ್ರಂಥಾಲಯ ಸೇವೆ ಎಂಬ ವ್ಯವಸ್ಥೆ ಇದರಿಂದ ಬಂತು. ಶಿರಾ, ಮಧುಗಿರಿಯಂಥ ಊರುಗಳಲ್ಲಿ ಆಸ್ತಿ ತೆರಿಗೆ ಕಟ್ಟಿದ ರಸೀದಿ ಮನೆಯಲ್ಲಿದ್ದರೆ ತೆಗೆದು ನೋಡಿ, ಗ್ರಂಥಾಲಯ ಕರ ಎಂದು ಒಂದು ಸಾಲು ಇರುತ್ತದೆ. ಶೇಕಡಾ 6. ಸಾವಿರ ರೂಪಾಯಿ ತೆರಿಗೆಗೆ 60 ರೂಪಾಯಿ. ಅಕೌಂಟೆನ್ಸಿ ಓದುವ ನಾವು ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬಹುದು: ಅದು ಪುರಸಭೆಯ ಆದಾಯವಲ್ಲ, ಗ್ರಂಥಾಲಯಕ್ಕೆ ಕೊಡಬೇಕಾದ ಹೊಣೆ, ಬ್ಯಾಲೆನ್ಸ್ ಶೀಟಿನಲ್ಲಿ ಸಾಲದ ಕಡೆ ಬರೆಯುವಂಥದ್ದು. ವಸೂಲಿಯಾದ ಕರವನ್ನು ಸ್ಥಳೀಯ ಸಂಸ್ಥೆಗಳು ಬಾಕಿ ಉಳಿಸಿಕೊಂಡ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತದೆ.

ಹಳ್ಳಿಗಳಲ್ಲಿ ಕಥೆ ಬೇರೆ. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಇವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಈಗ ಇವುಗಳಿಗೆ ಅರಿವು ಕೇಂದ್ರ ಎಂದು ಹೆಸರು. ಇವನ್ನು ನಡೆಸುವ ಮೇಲ್ವಿಚಾರಕರು ಆ ಊರಿನವರೇ ಇರುತ್ತಾರೆ. ಅವರು ಗೌರವಧನದ ಮೇಲೆ ವರ್ಷಗಟ್ಟಲೆ ದುಡಿದವರು, ಸೇವಾ ಭದ್ರತೆ ಕೇಳುತ್ತಲೇ ಬಂದವರು. ರಂಗನಾಥನ್ ಕಾಲೇಜಿನ ಗ್ರಂಥಪಾಲಕರಿಗೆ ಕೊಡಿಸಿದ ಸಮಾನತೆ ಕೊರಟಗೆರೆಯ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಕಥೆ ಪುಸ್ತಕ ಕೊಡುವ ಅಕ್ಕನವರೆಗೆ ಬಂದಿಲ್ಲ. ಹಾಗಿದ್ದರೂ ಈ ಹುದ್ದೆಗೆ ಪ್ರಕಟಣೆ ಬಂದಾಗ ನೋಡಿ ಎಂದೇ ನಾನು ಹೇಳುತ್ತೇನೆ, ಅದರಲ್ಲೂ ಮದುವೆಯ ಮುಂಚೆ ದೂರದ ಊರಿಗೆ ಕಳಿಸದ ಮನೆಗಳ ಹುಡುಗಿಯರು. ಪಿಯುಸಿಯ ಜೊತೆ ಗ್ರಂಥಾಲಯ ವಿಜ್ಞಾನದ ಸರ್ಟಿಫಿಕೇಟ್ ಮತ್ತು ಕಂಪ್ಯೂಟರ್ ಜ್ಞಾನ ಕೇಳುವುದುಂಟು. ಸರ್ಟಿಫಿಕೇಟ್ ಮೊದಲೇ ಮಾಡಿಟ್ಟುಕೊಂಡವರಿಗೆ ಅನುಕೂಲ.

ರಂಗನಾಥನ್ 1965ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರಾದರು. ಎರಡು ವರ್ಷದ ನಂತರ, ತಮ್ಮ ಹಳೆಯ ಪ್ರೀತಿಯಾದ ಗಣಿತವನ್ನು ಮರೆಯದೆ, ರಾಮಾನುಜನ್ ಅವರ ಜೀವನದ ಮೇಲೆ ಒಂದು ಪುಸ್ತಕ ಹೊರತಂದರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಅವರ ಕಾಲದಲ್ಲಿ ಗ್ರಂಥಾಲಯ ಕಾಯಿದೆ ಆದ ರಾಜ್ಯಗಳು ಬೆರಳೆಣಿಕೆಯಷ್ಟು ಮಾತ್ರ.

ಅವರು ತೆರೆದ ಡಿಆರ್‌ಟಿಸಿ ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಈಗಲೂ ನಡೆಯುತ್ತಿದೆ. ಎರಡು ವರ್ಷದ ಸ್ನಾತಕೋತ್ತರ ಕೋರ್ಸು, ವಿದ್ಯಾರ್ಥಿಗಳಿಗೆ ತಿಂಗಳು ತಿಂಗಳು ಸ್ಟೈಪೆಂಡ್ ಇದೆ. ನಮಗೆ ಹತ್ತಿರದ ತುಮಕೂರು ವಿಶ್ವವಿದ್ಯಾಲಯದಲ್ಲೂ ಗ್ರಂಥಾಲಯ ವಿಜ್ಞಾನ ವಿಭಾಗವಿದೆ. ಡಿಆರ್‌ಟಿಸಿಗೆ ಪ್ರವೇಶ ಪರೀಕ್ಷೆ ಬರೆಯಬೇಕು. ಅದಕ್ಕೆ ಯಾವ ವಿಷಯದ ಡಿಗ್ರಿಯಾದರೂ ನಡೆಯುತ್ತದೆ, ಬಿ.ಕಾಂ. ಕೂಡ.