ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳವರು

ಈಗ ಹಾವೇರಿ ಜಿಲ್ಲೆಗೆ ಸೇರಿರುವ, ಅಂದು ಧಾರವಾಡ ಜಿಲ್ಲೆಯಲ್ಲಿದ್ದ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯೆಂಬ ಸಣ್ಣ ಗ್ರಾಮದಲ್ಲಿ, ಚರಂತಿಮಠದ ಗುರುಪಾದಯ್ಯನವರು ಮತ್ತು ನೀಲಮ್ಮನವರ ಉದರದಲ್ಲಿ 1892ನೆಯ ಇಸವಿ ಫೆಬ್ರವರಿ 2ರಂದು ಜನಿಸಿದ ಗದಿಗೆಯ್ಯನೆಂಬ ಕೂಸು ಕಣ್ಣಿಲ್ಲದ ಕೂಸಾಗಿತ್ತು. ಒಡಹುಟ್ಟಿದ ಗುರುಬಸವಯ್ಯನೂ ಅಂಧನೇ. ಒಂದೇ ಮನೆಯಲ್ಲಿ ಇಬ್ಬರು ಮಕ್ಕಳು ಹೀಗಾದರೆ ಬಡ ತಂದೆತಾಯಿಗಳ ಎದೆ ಹೇಗಿದ್ದೀತು! ಆ ಕಾಲದ ಹಳ್ಳಿಗಾಡಿನಲ್ಲಿ ಕುರುಡ ಮಗುವಿಗೆ ಇದ್ದ ದಾರಿಗಳು ಎರಡೇ: ಮನೆಯ ಮೂಲೆಯಲ್ಲಿ ಕುಳಿತು ಅಣ್ಣತಮ್ಮಂದಿರ ಅನ್ನವನ್ನು ಉಣ್ಣುವುದು, ಇಲ್ಲವೆ ಕೋಲೂರಿಕೊಂಡು ಜಾತ್ರೆಯ ಬಾಗಿಲಲ್ಲಿ ಕೈಚಾಚುವುದು. ಅಮೃತಸರದಲ್ಲಿ 1887ರಲ್ಲಿಯೇ ಮಿಶನರಿ ಮಹಿಳೆಯೊಬ್ಬರು ಅಂಧರ ಶಾಲೆಯನ್ನು ತೆರೆದಿದ್ದರು. ಮೈಸೂರಿನಲ್ಲಿ 1901ರಲ್ಲಿ ಮೂಕರಿಗೂ ಅಂಧರಿಗೂ ಶಾಲೆಯಾಯಿತು. ಆದರೆ ಅವುಗಳ ಸುದ್ದಿಯು ಕಾಡಶೆಟ್ಟಿಹಳ್ಳಿಯಂಥ ಊರಿನ ಹೊಲಗದ್ದೆಗಳನ್ನು ದಾಟಿ ಬರುವುದು ದೂರದ ಮಾತು.

ಈ ಬಾಲಕರಿಗೆ ದೇವರು ಕಣ್ಣಿನ ಬದಲು ಕಂಠವನ್ನು ಕೊಟ್ಟಿದ್ದನು. ಕೇಳಿದ ಪದವನ್ನು ಕೇಳಿದಂತೆಯೇ ಹಾಡುವ ಇವರ ಶಕ್ತಿಯು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರಸ್ವಾಮಿಗಳವರ ಲಕ್ಷ್ಯಕ್ಕೆ ಬಂದಿತು. 1904ರಲ್ಲಿ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನೂ ಕಟ್ಟಿದ ಆ ಮಹನೀಯರು ಅನಾಥ ಮಕ್ಕಳನ್ನು ಕಂಡು ಮರುಗಿ ಮುಂದೆ ಸಾಗುವವರಾಗಿರಲಿಲ್ಲ. ಮಕ್ಕಳನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಮಠದಲ್ಲಿ ಇಬ್ಬರು ಕುರುಡ ಮಕ್ಕಳಿಗೆ ಅನ್ನವಿಕ್ಕುವುದು ಕಷ್ಟದ ಕೆಲಸವೇನಲ್ಲ. ಅಷ್ಟು ಮಾಡಿದ್ದರೂ ಜನರು ಪುಣ್ಯವಂತರೆಂದು ಹೊಗಳುತ್ತಿದ್ದರು. ಸ್ವಾಮಿಗಳವರು ಅಷ್ಟಕ್ಕೆ ತೃಪ್ತರಾಗದೆ, ಕಣ್ಣುಳ್ಳವರೊಡನೆ ಸರಿಸಮನಾಗಿ ನಿಲ್ಲಬಲ್ಲ ವಿದ್ಯೆಯನ್ನೇ ಕೊಡಿಸಲು ನಿಶ್ಚಯಿಸಿದರು. ಗದಿಗೆಯ್ಯನನ್ನು ಕರ್ನಾಟಕ ಸಂಗೀತದ ಅಭ್ಯಾಸಕ್ಕಾಗಿ ದೂರದ ಮೈಸೂರಿಗೆ ಕಳುಹಿಸಿದರು. ಬಳಿಕ ಮಿರಜದ ನೀಲಕಂಠಬುವಾ ಅವರಿಂದ ಹಿಂದುಸ್ಥಾನಿ ಪದ್ಧತಿಯ ಶಿಕ್ಷಣವಾಯಿತು. ಎರಡು ಪದ್ಧತಿಗಳನ್ನೂ ಕರಗತ ಮಾಡಿಕೊಂಡು ಉಭಯಗಾನ ವಿಶಾರದರೆನಿಸಿದ ಈ ಶಿಷ್ಯನಿಗೆ ಪಂಚಾಕ್ಷರಿಯೆಂಬ ಹೆಸರು ಬಂದಿತು.

ವಿದ್ಯೆಯು ಸಿದ್ಧಿಸಿದ ಮೇಲೆ ರಾಜಾಶ್ರಯವನ್ನೋ ಧನಿಕರ ಬೈಠಕುಗಳನ್ನೋ ಅರಸಿಕೊಂಡು ಹೋಗಿದ್ದರೆ ಗವಾಯಿಗಳವರಿಗೆ ಕೊರತೆಯಿರುತ್ತಿರಲಿಲ್ಲ. ಅವರು ಬ್ರಹ್ಮಚರ್ಯವನ್ನು ಕೈಕೊಂಡು, ತಮ್ಮಂತೆಯೇ ಕಣ್ಣಿಲ್ಲದ, ಅಂಗವಿಕಲರಾದ, ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳತೊಡಗಿದರು. 1914ರಲ್ಲಿ ಕುಮಾರಸ್ವಾಮಿಗಳವರ ಕೃಪೆಯಿಂದ ಆರಂಭವಾದ ಈ ಪಾಠಶಾಲೆಯು ಬಹುಕಾಲ ಒಂದೆಡೆ ನೆಲೆ ನಿಂತುದಲ್ಲ. ಊರಿಂದೂರಿಗೆ ಸಂಚರಿಸುತ್ತಿದ್ದ ಶಾಲೆಯದು. ಗುರುವು ಅಂಧ, ಶಿಷ್ಯರಲ್ಲಿ ಅನೇಕರು ಅಂಧರು. ಬಂಡಿಯಲ್ಲಿ ತಂಬೂರಿ, ತಬಲ, ಹಾರ್ಮೋನಿಯಮ್ಮುಗಳು. ಹೋದ ಊರಿನಲ್ಲಿ ಕೀರ್ತನೆ, ಬಂದ ಕಾಣಿಕೆಯಲ್ಲಿ ಊಟ. ಕಡೆಗೆ ಗದಗಿನಲ್ಲಿ ಅದು ವೀರೇಶ್ವರ ಪುಣ್ಯಾಶ್ರಮವೆಂಬ ಹೆಸರಿನಿಂದ ಬೇರೂರಿತು.

ಅಂಧರಿಗೆ ಸಂಗೀತವನ್ನೇ ಏಕೆ ಕಲಿಸಬೇಕಾಗಿತ್ತೆಂದು ಕೇಳುವವರುಂಟು. ಉತ್ತರವು ಆ ಕಾಲದ ಸ್ಥಿತಿಯಲ್ಲಿಯೇ ಇದೆ. ಭಾರತೀಯ ಭಾಷೆಗಳಿಗೆಲ್ಲ ಒಪ್ಪುವ ಏಕರೂಪದ ಬ್ರೈಲ್ ಲಿಪಿಯು ಏರ್ಪಟ್ಟುದು 1951ರಲ್ಲಿ. ಕನ್ನಡದ ಕುರುಡ ಬಾಲಕನ ಕೈಗೆ ಪುಸ್ತಕವೆಂಬುದು ಅದಕ್ಕೂ ಮೊದಲು ದುರ್ಲಭ. ಸಂಗೀತವಾದರೋ ನಮ್ಮ ದೇಶದಲ್ಲಿ ಮೊದಲಿನಿಂದಲೂ ಬಾಯಿಂದ ಕಿವಿಗೆ ಇಳಿದು ಬಂದ ವಿದ್ಯೆ. ಕಣ್ಣುಳ್ಳ ಶಿಷ್ಯನೂ ಅದನ್ನು ಓದಿ ಕಲಿಯುವುದಿಲ್ಲ, ಕೇಳಿ ಕಲಿಯುತ್ತಾನೆ. ತಂಬೂರಿಯ ಶ್ರುತಿಯನ್ನು ಕೂಡಿಸುವುದು ಕಿವಿಯ ಕೆಲಸ. ತಬಲದ ಬೋಲುಗಳನ್ನು ಮೊದಲು ಬಾಯಿಪಾಠ ಮಾಡಿಸಿ, ಆಮೇಲೆ ಶಿಷ್ಯನ ಬೆರಳುಗಳನ್ನು ಹಿಡಿದು ಚರ್ಮದ ಮೇಲಿಟ್ಟರೆ ಸಾಕು. ಹೀಗೆ ಕಲಿಸುವಲ್ಲಿ ಕುರುಡ ಗುರುವಿಗೆ ಯಾವ ನ್ಯೂನತೆಯೂ ಇಲ್ಲ. ಶಿಷ್ಯನಿಗೆ ಎಲ್ಲಿ ತಡವರಿಸುತ್ತದೆಂಬುದು ಅವನಿಗೆ ಸ್ವಾನುಭವದಿಂದ ಗೊತ್ತು.

ಇನ್ನು ಹೊಟ್ಟೆಯ ಮಾತು. ಕಲಿತ ವಿದ್ಯೆಯು ಅನ್ನವನ್ನು ಕೊಡದಿದ್ದರೆ ಶಿಷ್ಯನು ಮತ್ತೆ ಜಾತ್ರೆಯ ಬಾಗಿಲಿಗೇ ಹೋಗಬೇಕಾದೀತು. ನಮ್ಮ ನಾಡಿನ ಮಠಗಳಲ್ಲಿ ಶ್ರಾವಣಮಾಸದ ಪುರಾಣಪ್ರವಚನಕ್ಕೆ ಶಾಸ್ತ್ರಿಗಳೊಬ್ಬರು ಸಾಲದು. ಹಾಡಲು ಗವಾಯಿಯೊಬ್ಬ, ಸಾಥಿಗೆ ತಬಲಜಿಯೊಬ್ಬ ಬೇಕು. ನಾಟಕ ಕಂಪನಿಗಳಿಗೆ ಪೇಟಿಮಾಸ್ತರರು ಬೇಕು, ಶಾಲೆಗಳಿಗೆ ಸಂಗೀತಶಿಕ್ಷಕರು ಬೇಕು. ಪುಣ್ಯಾಶ್ರಮದಿಂದ ಹೊರಬಿದ್ದ ಶಿಷ್ಯರು ಈ ಸ್ಥಾನಗಳನ್ನು ತುಂಬಿದರು. ಅವರನ್ನು ಊರವರು ಕರೆದದ್ದು ಕರುಣೆಯಿಂದಲ್ಲ, ಹಾಡಿಗಾಗಿ. ಕೊಟ್ಟ ಹಣವೂ ಭಿಕ್ಷೆಯಲ್ಲ, ಸಂಭಾವನೆ.

ಆದರೆ ಆಶ್ರಮದ ಒಲೆಯು ಪ್ರತಿದಿನ ಉರಿಯಬೇಕಲ್ಲ. ಶಿಷ್ಯರ ಸಂಖ್ಯೆಯು ಬೆಳೆದಂತೆ ಕೀರ್ತನೆಯ ಕಾಣಿಕೆಯೂ ಜೋಳಿಗೆಯ ಕಾಳೂ ಸಾಲದಾದವು. 1930ರಲ್ಲಿ ಕುಮಾರಸ್ವಾಮಿಗಳವರು ಲಿಂಗೈಕ್ಯರಾಗಲು ಆಸರೆಯ ಮರವೇ ಬಿದ್ದಂತಾಯಿತು. ಗವಾಯಿಗಳವರು ನಾಟಕ ಕಂಪನಿಯನ್ನು ಕಟ್ಟಿ ಅದರ ಉತ್ಪನ್ನದಿಂದ ಆಶ್ರಮವನ್ನು ಸಲಹುವ ಸಾಹಸಕ್ಕೂ ಕೈಹಾಕಿದರು. ಬ್ರಹ್ಮಚಾರಿಯಾದ ಸಾಧಕನು ಬಣ್ಣದ ರಂಗದ ಭಾರವನ್ನು ಹೊರುವುದು ಅಂದಿನ ಜನಕ್ಕೆ ಸಲೀಸಾಗಿ ಒಪ್ಪುವ ಮಾತಲ್ಲ. ಅದಲ್ಲದೆ ಆ ವ್ಯವಹಾರದಲ್ಲಿ ಇಂದು ಬಂದ ಹಣ ನಾಳೆ ಇರುವುದಿಲ್ಲ. ಆದರೂ ದಾನಿಗಳ ಬಾಗಿಲನ್ನು ಕಾಯುವುದಕ್ಕಿಂತ ದುಡಿದು ಉಣ್ಣುವುದೇ ಮೇಲೆಂಬ ಅವರ ಹಟವು ಈ ಕಾರ್ಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಶಿಷ್ಯರನ್ನು ಆರಿಸುವಲ್ಲಿ ಜಾತಿಪಂಥಗಳ ವಿಚಾರವಿರಲಿಲ್ಲ. ಕಣ್ಣುಳ್ಳವರಿಗೂ ಬಾಗಿಲು ತೆರೆದಿತ್ತು. ಅರ್ಜುನಸಾ ನಾಕೋಡ, ಬಸವರಾಜ ರಾಜಗುರು ಮೊದಲಾದವರು ಇವರ ಗರಡಿಯಲ್ಲಿಯೇ ಪಳಗಿದವರು. 1936ರಲ್ಲಿ ಹಂಪೆಯಲ್ಲಿ ನಡೆದ ವಿಜಯನಗರದ ಷಟ್‌ಶತಮಾನೋತ್ಸವದಲ್ಲಿ ತರುಣ ರಾಜಗುರುಗಳು ಹಾಡುವಾಗ ಗುರುಗಳೇ ತಬಲದ ಸಾಥಿಗೆ ಕುಳಿತರು. ಶಿಷ್ಯನ ಪಕ್ಕದಲ್ಲಿ ಕುಳಿತು ತಾಳ ಹಿಡಿಯುವುದು ಎಲ್ಲ ಗುರುಗಳಿಗೂ ಸಾಧ್ಯವಾಗುವ ಸಂಗತಿಯಲ್ಲ.

ಅಂಧಶಿಷ್ಯರಲ್ಲಿ ಅಗ್ರಗಣ್ಯರಾದವರು 1914ರಲ್ಲಿ ಹಾನಗಲ್ಲ ಸೀಮೆಯ ದೇವಗಿರಿಯಲ್ಲಿ ಜನಿಸಿದ ಪುಟ್ಟರಾಜರು. ಎಳೆಗೂಸಿನಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಆ ಬಾಲಕನನ್ನು ಸೋದರಮಾವನು ಗವಾಯಿಗಳವರ ಬಳಿಗೆ ಸೇರಿಸಿದನು. ಗಾಯನವಷ್ಟೇ ಅಲ್ಲದೆ ಹಾರ್ಮೋನಿಯಂ, ತಬಲ, ಪಿಟೀಲು, ಸಾರಂಗಿ ಮುಂತಾದ ವಾದ್ಯಗಳೂ ಅವರ ವಶವಾದವು. ಕನ್ನಡ, ಸಂಸ್ಕೃತ, ಹಿಂದಿ ಈ ಮೂರು ಭಾಷೆಗಳಲ್ಲಿಯೂ ಗ್ರಂಥರಚನೆ ಮಾಡುವಷ್ಟು ಪಾಂಡಿತ್ಯವನ್ನು ಅವರು ಸಂಪಾದಿಸಿದರು.

1944ನೆಯ ಇಸವಿ ಜೂನ್ 11ರಂದು ಪಂಚಾಕ್ಷರಿ ಗವಾಯಿಗಳವರು ಲಿಂಗೈಕ್ಯರಾದರು. ಆಗ ಅವರಿಗೆ ಐವತ್ತೆರಡು ವರ್ಷ. ಅವರು ಬಿಟ್ಟುಹೋದುದು ಆಸ್ತಿಯಲ್ಲ. ಉಣ್ಣಬೇಕಾದ ಬಾಯಿಗಳು, ಕಲಿಯಬೇಕಾದ ಕಿವಿಗಳು, ಮತ್ತು ಒಂದು ನಾಟಕ ಕಂಪನಿ. ಮೂವತ್ತರ ಹರೆಯದ ಪುಟ್ಟರಾಜರು ಅದೆಲ್ಲವನ್ನೂ ಹೆಗಲಿಗೇರಿಸಿಕೊಂಡು ಅರವತ್ತಾರು ವರ್ಷ ಹೊತ್ತರು. 2010ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣವನ್ನಿತ್ತಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರೂ ಲಿಂಗೈಕ್ಯರಾಗಲು, ಗುರುಗಳು ಕಟ್ಟಿದ ಆಶ್ರಮದ ಆವರಣದಲ್ಲಿಯೇ ಅವರ ಸಮಾಧಿಯಾಯಿತು.