ವಿಷಗಾಳಿ ಕುಡಿದು ಲೆಕ್ಕ ಬರೆದ ಹಾಲ್ಡೇನ್

ಪಿಯುಸಿಯಲ್ಲಿ ಬಯಾಲಜಿ ಓದಿದವರಿಗೆ ಒಪಾರಿನ್-ಹಾಲ್ಡೇನ್ ಅನ್ನೋ ಜೋಡಿ ಹೆಸರು ನೆನಪಿರಬಹುದು. ಆ ಹಾಲ್ಡೇನ್ ಅಂದ್ರೆ ಮಗ ಜೆ.ಬಿ.ಎಸ್. ಅವರು 1957ರಲ್ಲಿ ಇಂಡಿಯಾಕ್ಕೆ ಬಂದು, ಇಲ್ಲಿನ ಪೌರತ್ವ ತಗೊಂಡು, 1964ರಲ್ಲಿ ಭುವನೇಶ್ವರದಲ್ಲೇ ತೀರಿಕೊಂಡರು. ಹಾಗಾಗಿ ನಮ್ಮಲ್ಲಿ ಮಗನ ಹೆಸರೇ ಜಾಸ್ತಿ ಓಡಾಡುತ್ತೆ. ನಾನು ಬರೀತಿರೋದು ಅಪ್ಪನ ಬಗ್ಗೆ. ಜಾನ್ ಸ್ಕಾಟ್ ಹಾಲ್ಡೇನ್ ಓದಿದ್ದು ಮೆಡಿಸಿನ್. ಆದರೂ 1924ರಲ್ಲಿ ಬ್ರಿಟನ್ನಿನ ಗಣಿ ಇಂಜಿನಿಯರ್‌ಗಳ ಸಂಸ್ಥೆ ಅವರನ್ನ ತನ್ನ ಅಧ್ಯಕ್ಷರನ್ನಾಗಿ ಮಾಡಿಕೊಂಡಿತು. ಡಾಕ್ಟರೊಬ್ಬರು ಇಂಜಿನಿಯರ್‌ಗಳ ಕುರ್ಚಿ ಮೇಲೆ ಕೂತಿದ್ದು ಹೇಗೆ ಅಂತ ಹುಡುಕ್ತಾ ಹೋದ್ರೆ ಸಿಗೋದು ಒಂದೇ ವಸ್ತು, ಗಾಳಿ.

ಹಾಲ್ಡೇನ್ ಹುಟ್ಟಿದ್ದು 1860ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಅನುಕೂಲಸ್ಥ ಮನೆತನ. ಅಣ್ಣ ರಿಚರ್ಡ್ ಮುಂದೆ ಬ್ರಿಟನ್ನಿನ ಯುದ್ಧಮಂತ್ರಿ ಆದ್ರು. ಇವರು 1884ರಲ್ಲಿ ಡಾಕ್ಟರ್ ಡಿಗ್ರಿ ತಗೊಂಡ್ರು, ಆದ್ರೆ ಕ್ಲಿನಿಕ್ ಹಾಕಿ ಕೂರಲಿಲ್ಲ. ಡಂಡಿ ಊರಿಗೆ ಹೋಗಿ, ಬಡವರ ಒಂದು ಕೋಣೆ ಮನೆಗಳಲ್ಲಿ, ಸ್ಕೂಲುಗಳಲ್ಲಿ ಜನ ಎಂಥಾ ಗಾಳಿ ಉಸಿರಾಡ್ತಾರೆ ಅಂತ ಅಳೆಯೋಕೆ ಶುರು ಮಾಡಿದ್ರು. ಮನೆಯೊಳಗಿನ ಗಾಳಿಯನ್ನ ಬಾಟಲಿಗೆ ತುಂಬಿಕೊಳ್ಳೋಕೆ ಎಲ್ಲರೂ ಮಲಗಿರೋ ಮಧ್ಯರಾತ್ರಿ ಹೊತ್ತಿಗೇ ಹೋಗ್ತಿದ್ರಂತೆ. ಆಮೇಲೆ ಆಕ್ಸ್‌ಫರ್ಡ್ ಸೇರಿದ್ರು. ಅಲ್ಲಿಂದ ಅವರ ಕಾಲು ಎಳೆದದ್ದು ಕಲ್ಲಿದ್ದಲು ಗಣಿಗಳ ಕಡೆಗೆ.

ಇಲ್ಲಿ ಸ್ವಲ್ಪ ನಮ್ಮೂರ ವಿಷಯ ಹೇಳಬೇಕು, ಇಲ್ಲಾಂದ್ರೆ ಅವರು ಮಾಡಿದ್ದರ ಬೆಲೆ ಗೊತ್ತಾಗಲ್ಲ. ನಮ್ಮ ಬಡವನಹಳ್ಳಿ, ಮಧುಗಿರಿ ಕಡೆ ಹಿಂದೆ ರಾಗಿಯನ್ನ ನೆಲದೊಳಗಿನ ಹಗೇವಿನಲ್ಲಿ ತುಂಬಿಡ್ತಿದ್ರು. ಬಾಯಿ ತೆಗೆದ ತಕ್ಷಣ ಯಾರೂ ಇಳೀತಿರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಅದು ಆರದೇ ಇದ್ರೆ ಮಾತ್ರ ಮನುಷ್ಯ ಇಳೀತಿದ್ದ. ಗಣಿ ಕಾರ್ಮಿಕರದ್ದೂ ಇದೇ ನಂಬಿಕೆ. ದೀಪ ಆರಿಸೋ ಆ ಗಾಳಿಯಲ್ಲಿ ಇರೋದು ನೈಟ್ರೋಜನ್ ಮತ್ತು ಕಾರ್ಬನ್ ಡೈಆಕ್ಸೈಡ್ ಅಂತ ತೋರಿಸಿದವರು ಹಾಲ್ಡೇನ್. ಆಮ್ಲಜನಕ 21ರಿಂದ ಸುಮಾರು 17 ಪರ್ಸೆಂಟಿಗೆ ಇಳಿದ್ರೆ ದೀಪ ಆರುತ್ತೆ, ಮನುಷ್ಯ ಇನ್ನೂ ಆರಾಮಾಗೇ ಇರ್ತಾನೆ. ಅಂದ್ರೆ ಹಗೇವಿಗೆ ದೀಪ ಇಳಿಸಿದ ನಮ್ಮ ಅಜ್ಜಂದಿರ ಲೆಕ್ಕ ಸರಿಯಾಗೇ ಇತ್ತು.

ಆದ್ರೆ ಕಾರ್ಬನ್ ಮಾನಾಕ್ಸೈಡ್ ಮುಂದೆ ಈ ದೀಪ ಕೆಲಸಕ್ಕೆ ಬರಲ್ಲ. ಗಾಳಿಯಲ್ಲಿ ಅದು 0.2 ಪರ್ಸೆಂಟ್ ಇದ್ರೂ ಮನುಷ್ಯನನ್ನ ಕೊಲ್ಲುತ್ತೆ, ದೀಪ ಮಾತ್ರ ಉರೀತಾನೇ ಇರುತ್ತೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನ ಹಿಡ್ಕೊಳ್ಳೋದೇ ಇದಕ್ಕೆ ಕಾರಣ. ಇದು ದೇಹದಲ್ಲಿ ಹೇಗೆ ಏರುತ್ತೆ ಅಂತ ತಿಳಿಯೋಕೆ ಹಾಲ್ಡೇನ್ ಹುಡುಕಿದ ಪ್ರಯೋಗಪಶು ತಾನೇ. ಲೆಕ್ಕ ಹಾಕಿ ಬೆರೆಸಿದ ವಿಷಗಾಳಿಯನ್ನ ಉಸಿರಾಡ್ತಾ, ನಡುನಡುವೆ ರಕ್ತದ ಹನಿ ತೆಗೆದು, ನೀರಲ್ಲಿ ಕರಗಿಸಿ, ಕಾರ್ಮೈನ್ ಅನ್ನೋ ಕೆಂಪು ಬಣ್ಣದ ದ್ರಾವಣದ ಜೊತೆ ಹೋಲಿಸಿ ಅಳೆದ್ರು. ನಾವು ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬಲ್ಲಿ ಬ್ಯೂರೆಟ್ ಹಿಡಿದು ಮಾಡಿದ ಟೈಟ್ರೇಷನ್ ಥರಾನೇ, ಫ್ಲಾಸ್ಕಿನಲ್ಲಿರೋದು ಸ್ವಂತ ರಕ್ತ ಅಷ್ಟೇ ವ್ಯತ್ಯಾಸ. ಒಂದು ಸಲ ರಕ್ತದ 56 ಪರ್ಸೆಂಟ್ ಭಾಗವನ್ನ ಈ ಅನಿಲ ಹಿಡಿದುಬಿಟ್ಟಿತ್ತು. ಕಣ್ಣು ಮಂಜಾಗಿ, ಯಾರಾದ್ರೂ ಹಿಡ್ಕೊಳ್ಳದೆ ನಡೆಯೋಕಾಗದ ಸ್ಥಿತಿ. ಈಗಿನ ಯಾವ ಎಥಿಕ್ಸ್ ಕಮಿಟಿಯೂ ಇದನ್ನ ಒಪ್ಪಲ್ಲ, ಒಪ್ಪಲೂಬಾರದು. ಆದ್ರೆ 1895ರಲ್ಲಿ ಪ್ರಕಟವಾದ ಆ ಲೆಕ್ಕ ಇವತ್ತಿಗೂ ಬುನಾದಿ.

ಮರುವರ್ಷ ಜನವರಿಯಲ್ಲಿ ವೇಲ್ಸಿನ ಟೈಲರ್ಸ್‌ಟೌನ್ ಗಣಿಯಲ್ಲಿ ಸ್ಫೋಟ ಆಗಿ 57 ಜನ ಸತ್ತರು. ಹಾಲ್ಡೇನ್ ಅಲ್ಲಿಗೆ ಹೋಗಿ ಶವಗಳನ್ನ, ಗಣಿಯಲ್ಲಿ ದುಡೀತಿದ್ದ ಕುದುರೆಗಳನ್ನೂ ಒಂದೊಂದಾಗಿ ಪರೀಕ್ಷೆ ಮಾಡಿದ್ರು. ಚರ್ಮಕ್ಕೆ ಜೀವ ಇರೋ ಹಾಗೆ ಗುಲಾಬಿ ಬಣ್ಣ. ಬಹುಪಾಲು ಜನ ಸತ್ತಿದ್ದು ಸ್ಫೋಟದ ಹೊಡೆತಕ್ಕಲ್ಲ, ಆಮೇಲೆ ಹರಡಿದ ಕಾರ್ಬನ್ ಮಾನಾಕ್ಸೈಡಿನಿಂದ ಅಂತ ವರದಿ ಕೊಟ್ರು. ಹಾಗಿದ್ರೆ ಅವರಲ್ಲಿ ಎಷ್ಟೋ ಜನರನ್ನ ಉಳಿಸಬಹುದಿತ್ತು ಅಂತ ಅರ್ಥ. ದಾರಿಯನ್ನೂ ಅವರೇ ಹೇಳಿದ್ರು. ಇಲಿ ಅಥವಾ ಪುಟ್ಟ ಹಕ್ಕಿಯನ್ನ ಜೊತೆಗೆ ಒಯ್ಯಿರಿ. ಅವುಗಳ ಉಸಿರಾಟ ನಮಗಿಂತ ಎಷ್ಟೋ ಪಟ್ಟು ಚುರುಕು, ಹಾಗಾಗಿ ಅದೇ ವಿಷ ಅವಕ್ಕೆ ಬೇಗ ಏರುತ್ತೆ. ಹಕ್ಕಿ ಕೋಲಿನಿಂದ ಬಿದ್ದಾಗ ಮನುಷ್ಯನಿಗೆ ಓಡೋಕೆ ಇನ್ನೂ ಕೆಲವು ನಿಮಿಷ ಉಳಿದಿರುತ್ತೆ. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿ ಕೆಲಸಕ್ಕೆ ಸೇರಿದ್ದು ಹೀಗೆ. ಬಿದ್ದ ಹಕ್ಕಿಯನ್ನ ಬದುಕಿಸೋಕೆ ಪಂಜರದ ಮೇಲೇ ಪುಟ್ಟ ಆಕ್ಸಿಜನ್ ಸಿಲಿಂಡರ್ ಕೂರಿಸಿದ್ದೂ ಉಂಟು.

ಈ ಹಕ್ಕಿಗಳು ರಿಟೈರ್ ಆಗಿದ್ದು 1986ರಲ್ಲಿ, ಎಲೆಕ್ಟ್ರಾನಿಕ್ ಡಿಟೆಕ್ಟರ್ ಬಂದ ಮೇಲೆ. ಈಗ ಮನೆ ಗೋಡೆಗೆ ಹಾಕೋ ಕಾರ್ಬನ್ ಮಾನಾಕ್ಸೈಡ್ ಅಲಾರಂ ಅದೇ ಕೆಲಸ ಮಾಡುತ್ತೆ. ಒಳಗೊಂದು ಎಲೆಕ್ಟ್ರೋಕೆಮಿಕಲ್ ಸೆಲ್ ಇರುತ್ತೆ. ಅನಿಲ ಅದರ ಎಲೆಕ್ಟ್ರೋಡ್ ಮೇಲೆ ಆಕ್ಸಿಡೈಸ್ ಆದಷ್ಟು ಕರೆಂಟ್ ಹರಿಯುತ್ತೆ. ಯುರೋಪಿನ ಇಎನ್ 50291 ಅನ್ನೋ ಸ್ಟ್ಯಾಂಡರ್ಡ್ ಪ್ರಕಾರ 50 ಪಿಪಿಎಂ ಇದ್ರೆ 60ರಿಂದ 90 ನಿಮಿಷದೊಳಗೆ, 100 ಇದ್ರೆ 10ರಿಂದ 40 ನಿಮಿಷದೊಳಗೆ, 300 ದಾಟಿದ್ರೆ 3 ನಿಮಿಷದೊಳಗೆ ಅದು ಕೂಗಬೇಕು. ಬರೀ ಪ್ರಮಾಣ ಅಲ್ಲ, ಪ್ರಮಾಣದ ಜೊತೆ ಸಮಯ. ಹಾಲ್ಡೇನ್ ತಮ್ಮ ರಕ್ತದಲ್ಲಿ ಅಳೆದಿದ್ದೂ ಅದನ್ನೇ.

ಗಣಿ ನಮಗೆ ದೂರದ ಮಾತು ಅನ್ಸಬಹುದು. ಆದ್ರೆ ನಮ್ಮ ಕಡೆ ಈಗಲೂ ಬಾಣಂತಿ ಮಲಗೋ ರೂಮಿಗೆ ಗಾಳಿ ಸೋಕಬಾರದು ಅಂತ ಕಿಟಕಿ ಮುಚ್ಚಿ ಕೆಂಡ ಇಡೋ ಮನೆಗಳಿವೆ. ಹೊಗೆ ಇಲ್ಲ, ಹಾಗಾಗಿ ಅಪಾಯ ಇಲ್ಲ ಅಂತ ಅವರ ಲೆಕ್ಕ. ಗಾಳಿ ಸಾಲದ ಕೆಂಡವೇ ಕಾರ್ಬನ್ ಮಾನಾಕ್ಸೈಡ್ ಹೆಚ್ಚಾಗಿ ಬಿಡೋದು. ಹಳೇ ಬಚ್ಚಲಲ್ಲಿ ಹಂಡೆ ಒಲೆ ಉರಿದ್ರೂ ಹೆಂಚಿನ ಸಂದಿಯಲ್ಲಿ ಗಾಳಿ ಆಡ್ತಿತ್ತು. ಈಗ ಆರ್‌ಸಿಸಿ ಮನೆ, ಚಿಕ್ಕ ಬಾತ್‌ರೂಮು, ಒಳಗೇ ಗ್ಯಾಸ್ ಗೀಸರ್. ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಅನ್ನೋ ಸುದ್ದಿ ನಮ್ಮ ರಾಜ್ಯದ ಪೇಪರುಗಳಲ್ಲಿ ಚಳಿಗಾಲ ಬಂದ್ರೆ ಕಾಣಿಸ್ತಾನೇ ಇರುತ್ತೆ. ಗೀಸರ್ ಬಾತ್‌ರೂಮಿನ ಹೊರಗೆ, ಗಾಳಿ ಆಡೋ ಜಾಗದಲ್ಲಿ ಇರಬೇಕು. ಅದಾದ ಮೇಲೇ ಅಲಾರಂ ಮಾತು.

ಅಲಾರಂ ತರೋವಾಗ ಒಂದು ಗೊಂದಲ ಆಗುತ್ತೆ. ಎಲ್‌ಪಿಜಿ ಲೀಕ್ ಡಿಟೆಕ್ಟರ್ ಬೇರೆ, ಇದು ಬೇರೆ. ಎಲ್‌ಪಿಜಿ ಗಾಳಿಗಿಂತ ಭಾರ, ಅದರ ಡಿಟೆಕ್ಟರ್ ನೆಲದ ಹತ್ತಿರ ಇರಬೇಕು. ಕಾರ್ಬನ್ ಮಾನಾಕ್ಸೈಡಿನ ಅಣುತೂಕ 28, ಗಾಳಿಯದ್ದು ಸುಮಾರು 29, ಹಾಗಾಗಿ ಅದು ಎಲ್ಲ ಕಡೆ ಬೆರೆತುಹೋಗುತ್ತೆ. ಮಲಗೋ ರೂಮಲ್ಲಾದ್ರೆ ಮೂಗಿನ ಎತ್ತರಕ್ಕೆ, ಒಲೆ-ಗೀಸರ್ ಇರೋ ಕಡೆ ಅವುಗಳಿಂದ ಒಂದರಿಂದ ಮೂರು ಮೀಟರ್ ದೂರಕ್ಕೆ ಹಾಕ್ತಾರೆ. ಹಬೆ ತುಂಬೋ ಬಾತ್‌ರೂಮೊಳಗೆ ಬೇಡ. ಟೆಸ್ಟ್ ಬಟನ್ ಒತ್ತಿದ್ರೆ ಕೂಗೋದು ಸರ್ಕ್ಯೂಟು, ಸೆನ್ಸರ್ ಬದುಕಿದೆ ಅಂತ ಅದರಿಂದ ಗೊತ್ತಾಗಲ್ಲ. ಹಾಗಾಗಿ ಹಿಂದೆ ಬರೆದಿರೋ ವರ್ಷ ಮುಗಿದ ಮೇಲೆ ಬದಲಾಯಿಸಲೇಬೇಕು. ಕೋವಿಡ್ ಟೈಮಲ್ಲಿ ಕೊಂಡ ಆಕ್ಸಿಮೀಟರ್ ನಂಬ್ಕೊಂಡು ಕೂರಬೇಡಿ, ವಿಷ ಹಿಡಿದ ರಕ್ತವನ್ನೂ ಅದು ಒಳ್ಳೇ ರಕ್ತ ಅಂತಾನೇ ಓದುತ್ತೆ.

ಹಾಲ್ಡೇನ್ ಉಳಿದ ಬದುಕೂ ಹೀಗೇ ಗಾಳಿ ಹಿಂದೆ ಓಡಿತು. ಉಸಿರಾಟದ ವೇಗವನ್ನ ಮುಖ್ಯವಾಗಿ ನಿಯಂತ್ರಿಸೋದು ಕಾರ್ಬನ್ ಡೈಆಕ್ಸೈಡ್ ಅಂತ 1905ರಲ್ಲಿ ತೋರಿಸಿದ್ರು. ಸಮುದ್ರದಾಳದಿಂದ ಡೈವರ್‌ಗಳು ಎಷ್ಟು ಹಂತದಲ್ಲಿ ಮೇಲೆ ಬರಬೇಕು ಅನ್ನೋ ಟೇಬಲ್‌ಗಳನ್ನ, ಮೊದಲು ಮೇಕೆಗಳ ಮೇಲೆ ಪ್ರಯೋಗ ಮಾಡಿ, 1908ರಲ್ಲಿ ಕೊಟ್ರು. 1915ರಲ್ಲಿ ಜರ್ಮನ್ನರು ಈಪ್ರ ಬಳಿ ವಿಷಾನಿಲ ಬಿಟ್ಟಾಗ ಅದು ಕ್ಲೋರಿನ್ ಅಂತ ಗುರುತಿಸೋಕೆ ಫ್ರಾನ್ಸಿಗೆ ಹೋದವರೂ ಇವರೇ. ಮಗನನ್ನೂ ಬಿಡಲಿಲ್ಲ. ಹುಡುಗನನ್ನ ಗಣಿಯೊಳಗೆ ಕರ್ಕೊಂಡು ಹೋಗಿ, ಎದ್ದು ನಿಂತು ಷೇಕ್ಸ್‌ಪಿಯರ್ ನಾಟಕದ ಭಾಷಣ ಒಪ್ಪಿಸು ಅಂದ್ರಂತೆ. ಸ್ವಲ್ಪ ಹೊತ್ತಿಗೆ ಹುಡುಗ ಕುಸಿದು ಬಿದ್ದ, ಬಿದ್ದ ಮೇಲೆ ಸುಧಾರಿಸ್ಕೊಂಡ. ಮೀಥೇನ್ ಹಗುರ, ಮೇಲೆ ನಿಲ್ಲುತ್ತೆ ಅನ್ನೋ ಪಾಠ ಅದು. ನಮ್ಮಪ್ಪ ಹೀಗೆ ಕಲಿಸಿದ್ರೆ ಅಮ್ಮ ಸುಮ್ನೆ ಬಿಡ್ತಿರಲಿಲ್ಲ.

ಎಪ್ಪತ್ತೈದು ದಾಟಿದ ಮೇಲೂ ಅವರು ಮನೆಯಲ್ಲಿ ಕೂರಲಿಲ್ಲ. ಎಣ್ಣೆ ಕೆಲಸಗಾರರಿಗೆ ಬಡಿಯೋ ಬಿಸಿಲಾಘಾತದ ಬಗ್ಗೆ ತಿಳಿಯೋಕೆ ಇರಾನ್, ಇರಾಕ್ ಕಡೆ ಹೋಗಿಬಂದ್ರು. ವಾಪಸ್ ಬಂದ ಮೇಲೆ, 1936ರ ಮಾರ್ಚ್‌ನಲ್ಲಿ, ಆಕ್ಸ್‌ಫರ್ಡಿನ ಮನೆಯಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ್ರು.