ಎಕ್ಸ್‌-ರೇಗೆ ಮುನ್ನ ಆ ಪ್ರಶ್ನೆ ಏಕೆ?

ದೆಹಲಿಯ ಓಖ್ಲಾದ ಆಸ್ಪತ್ರೆಯಿರಲಿ, ನಿಮ್ಮೂರಿನದಿರಲಿ, ಎಕ್ಸ್‌-ರೇಗೆ ಮುನ್ನ ಗರ್ಭಿಣಿಯೇ ಎಂದು ಕೇಳಿದರೆ ಮುಜುಗರಪಡಬೇಡಿ. ಅದರ ಹಿಂದೆ ಇಂಗ್ಲೆಂಡಿನ ವೈದ್ಯೆ ಆಲಿಸ್ ಸ್ಟೀವರ್ಟ್ (1906–2002) ಅವರ ದುಡಿಮೆಯಿದೆ. ಕ್ಯಾನ್ಸರ್‌ನಿಂದ ಮಕ್ಕಳನ್ನು ಕಳೆದುಕೊಂಡ ತಾಯಂದಿರನ್ನೇ ಅವರು ವಿಚಾರಿಸಿದರು. ಹಣ ಬಂದದ್ದು ಮೈಸೂರಿನಲ್ಲಿ ಬೆಳೆದು, ರಕ್ತದ ಕ್ಯಾನ್ಸರ್‌ಗೆ ಬಲಿಯಾದ ಮೆಹರ್‌ಬಾಯಿ ಟಾಟಾ ಅವರ ಹೆಸರಿನ ನಿಧಿಯಿಂದ! ಗರ್ಭದಲ್ಲಿದ್ದಾಗ ಎಕ್ಸ್‌-ರೇ ಬಿದ್ದ ಮಕ್ಕಳಿಗೆ ಅಪಾಯ ಸುಮಾರು ಇಮ್ಮಡಿ ಎಂದು 1956ರಲ್ಲಿ ತಿಳಿಸಿದರು. ವೈದ್ಯಲೋಕ ಒಪ್ಪಲು ದಶಕಗಳು ಹಿಡಿದವು.

ಮುಂದೆ ಅಮೆರಿಕದಲ್ಲಿ, ಹುಟ್ಟಿನ ಆಸುಪಾಸಿನಲ್ಲಿ ವಿಕಿರಣಕ್ಕೆ ಒಡ್ಡಿದ ಬೀಗಲ್ ನಾಯಿಮರಿಗಳ ಕಿಡ್ನಿಗಳು ಕ್ರಮೇಣ ಸೋತವು. ನಾಯಿಯ ಕಿಡ್ನಿ ಹುಟ್ಟಿದ ಮೇಲೂ ರೂಪುಗೊಳ್ಳುತ್ತಿರುತ್ತದೆ. ಸಾಮಾನ್ಯ ಎಕ್ಸ್‌-ರೇಯ ವಿಕಿರಣ ಅದಕ್ಕಿಂತ ತೀರಾ ಕಡಿಮೆ, ಹೆದರಿ ಅಗತ್ಯದ ಪರೀಕ್ಷೆ ಬಿಡಬೇಡಿ. ಮುಟ್ಟು ತಪ್ಪಿದ್ದರೆ ಮೊದಲೇ ಹೇಳಿ. ಮಗುವಿನ ಕಿಡ್ನಿ ನೋಡಲು ವಿಕಿರಣವಿಲ್ಲದ ಅಲ್ಟ್ರಾಸೌಂಡ್ ಸಾಕೇ ಎಂದು ವೈದ್ಯರನ್ನು ಕೇಳಿ.